ಬೆಳಿಗ್ಗೆ ಯಾರು, ಸಂಜೆ ಯಾರು

"ಎರಡೂ ಕೂತು ತಿನ್ನೋ ಜಾತಿ ಅಲ್ಲಮ್ಮ," ಎಂದ ನಾಯಿ ಸಾಕುವವನು. "ದಿನಕ್ಕೆ ಎರಡು ಹೊತ್ತು ಓಡಿಸಬೇಕು. ಇಲ್ಲಾಂದ್ರೆ ನಿಮ್ಮ ಸೋಫಾನೇ ಅವಕ್ಕೆ ಊಟ."

ತಂತಿಬೇಲಿಯ ಆಚೆ ಶೆಫರ್ಡ್ ಈ ತುದಿಯಿಂದ ಆ ತುದಿಗೆ ಹೋಗಿ ಬಂದು ಮಾಡುತ್ತಿತ್ತು. ಕರಿಯ ಡಾಬರ್‌ಮನ್ ಸೊಸೆಯ ಮುಖವನ್ನೇ ನೋಡುತ್ತ ಕಾಲು ಬದಲಿಸುತ್ತಿತ್ತು. ಅತ್ತೆಗೂ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಮೂವತ್ತು ವರ್ಷ ಹೊಲಿಗೆ ಯಂತ್ರ ತುಳಿದ ಕಾಲು. ಎಂಟು ದಿನದಿಂದ, ಸುಮ್ಮನೆ ಕೂತಾಗಲೂ ತುಳಿಯುತ್ತಲೇ ಇತ್ತು.

ಎಂಟು ದಿನದ ಹಿಂದೆ ಸೊಸೆಗೆ ದೂರದ ಊರಿನ ಪ್ರಯೋಗಾಲಯದಿಂದ ಕೆಲಸಕ್ಕೆ ಕರೆ ಬಂದಿತ್ತು. ಹೋಗುತ್ತೇನೆ ಎಂದಿರಲಿಲ್ಲ, ಹೋಗುವುದಿಲ್ಲ ಎಂದೂ ಅಂದಿರಲಿಲ್ಲ. ಪತ್ರವನ್ನು ಕನ್ನಡಿಯ ಮೂಲೆಗೆ ಸಿಕ್ಕಿಸಿ ಒಲೆ ಹಚ್ಚಿದ್ದಳು. ಮಗ ತೀರಿಕೊಂಡ ಮೇಲೆ ಆ ಮನೆಯಲ್ಲಿ ಉಳಿದದ್ದು ಇವರಿಬ್ಬರೇ. ಹೋಗಬೇಡ ಎನ್ನಲು ಅತ್ತೆಗೆ ಬಾಯಿ ಬರಲಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಮನೆಗೊಂದು ನಾಯಿ ಬೇಕು, ದೊಡ್ಡದೇ ಬೇಕು ಎಂದು ಹಟ ಹಿಡಿದಳು. ದೊಡ್ಡ ನಾಯಿಯನ್ನು ಹಿಡಿಯುವ ರಟ್ಟೆ ಆ ಮನೆಯಲ್ಲಿ ಒಬ್ಬಳಿಗೇ ಇತ್ತು.

ಶೆಫರ್ಡ್ ಕಂತೆಗಟ್ಟಲೆ ಕೂದಲು ಉದುರಿಸುತ್ತದೆ, ಡಾಬರ್‌ಮನ್ ಚಳಿ ತಡೆಯದು ಎಂದು ನಾಯಿಯವನು ಬಿಡಿಸಿ ಹೇಳಿದ. ಶೆಫರ್ಡ್ ಮನೆ, ಹಿತ್ತಿಲು, ಮನೆಮಂದಿ ಎಲ್ಲವನ್ನೂ ತನ್ನದು ಅಂದುಕೊಳ್ಳುತ್ತದೆ. ಡಾಬರ್‌ಮನ್ ಒಬ್ಬರನ್ನು ಹಚ್ಚಿಕೊಂಡರೆ ಮುಗಿಯಿತು. ಅವರು ಬಚ್ಚಲಿಗೆ ಹೋದರೂ ಬಾಗಿಲಲ್ಲಿ ಕಾಯುತ್ತದೆ.

"ಅವರು ಊರು ಬಿಟ್ಟು ಹೋದ್ರೆ?" ಬಂದಾಗಿನಿಂದ ಸೊಸೆ ಆಡಿದ ಮೊದಲ ಮಾತು ಅದು.

"ಜೊತೆಗೇ ಹೋಗುತ್ತೆ."

"ಶೆಫರ್ಡೇ ಇರಲಿ," ಎಂದಳು ಅತ್ತೆ, ಗಡಬಡಿಸಿ. ಮನೆ ಬಿಟ್ಟು ಕದಲದ ನಾಯಿಯನ್ನು ಓಡಿಸುವವಳೂ ಮನೆ ಬಿಟ್ಟು ಕದಲುವಂತಿಲ್ಲ.

ನಾಯಿಯವನದೊಂದು ಪದ್ಧತಿ. ಬೆಳಿಗ್ಗೆ ಯಾರು ಓಡಿಸುತ್ತಾರೆ, ಸಂಜೆ ಯಾರು ಎಂದು ಬರೆದು ಕೊಡಬೇಕು. ಬರೆದವರು ಅವನ ಕಣ್ಣೆದುರೇ ನಾಯಿ ಹಿಡಿದು ಬಯಲಿಗೆ ಒಂದು ಸುತ್ತು ಹಾಕಬೇಕು. ಹನ್ನೆರಡು ವರ್ಷದ ಮಾತು, ಯೋಚಿಸಿ ಬರೆಯಿರಿ ಎಂದು ಹಾಳೆ ಕೊಟ್ಟ. ಅತ್ತೆ ಯೋಚಿಸಲಿಲ್ಲ. ಎರಡೂ ಸಾಲಿನಲ್ಲಿ 'ಸೊಸೆ' ಎಂದು ಬರೆದು, ಸೊಸೆಗೆ ತೋರಿಸದೆ ನೇರ ಅವನತ್ತ ಚಾಚಿದಳು.

ಸೊಸೆ ನಡುವೆ ಕೈಯೊಡ್ಡಿ ಅದನ್ನು ತೆಗೆದುಕೊಂಡು ಓದಿದಳು. ಮುಖದಲ್ಲಿ ಏನೂ ಕದಲಲಿಲ್ಲ. ಗಂಡ ಹೋದ ಹನ್ನೊಂದು ತಿಂಗಳಿಂದ ಆ ಮುಖ ಹಾಗೆಯೇ. ಪೆನ್ನು ಕೇಳಿ ಎರಡೂ ಸಾಲು ಹೊಡೆದು ಹಾಕಿದಳು. ಮೇಲೆ ಬರೆದಳು: ಅತ್ತೆ. ಅತ್ತೆ.

"ನನ್ನ ಮಂಡಿ ನೋಡಿಲ್ವಾ ನೀನು? ನಾನು ಓಡೋಳೇನೇ?"

"ನಿಧಾನಕ್ಕೆ ಓಡಿ. ಅದೂ ಕಲಿಯುತ್ತೆ."

ನಾಯಿಯವನು ಹಾಳೆಯನ್ನೂ ಇಬ್ಬರ ಮುಖವನ್ನೂ ನೋಡಿ, ಶೆಫರ್ಡಿಗೆ ಚೈನು ಹಾಕಿ ತಂದ. ಸೊಸೆ ಅದರ ತುದಿಯನ್ನು ಅತ್ತೆಯ ಅಂಗೈಯಲ್ಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಿಸಿದಳು.

"ನಾನಿರೋದು ಇನ್ನು ಇಪ್ಪತ್ತು ದಿನ, ಅತ್ತೆ. ಅಷ್ಟರಲ್ಲಿ ಅದಕ್ಕೆ ನಿಮ್ಮ ಕೈ ಗುರುತಾಗಬೇಕು."

ಅತ್ತೆ ಏನೋ ಹೇಳಲು ಬಾಯಿ ತೆರೆದಳು. ನಾಯಿ ಕಾಯಲಿಲ್ಲ. ಒಂದೇ ಎಳೆತಕ್ಕೆ ಎಡಗಾಲಿನ ಚಪ್ಪಲಿ ಹಿಂದೆಯೇ ಉಳಿಯಿತು. ತಿರುಗಿ ನೋಡಲೂ ಬಿಡುವಿಲ್ಲದೆ, ತೆರೆದ ಬಾಯಿ ತೆರೆದಂತೆಯೇ, ಆಕೆ ಬಯಲಿನಲ್ಲಿ ಓಡತೊಡಗಿದ್ದಳು.