ಕೋಟಿನ ಒಳಗೆ

ಕುರ್ಚಿಯ ಮೇಲೆ ಬಿಟ್ಟಿದ್ದ ಸೂಜಿ ಚುಚ್ಚಿ ಹೆಂಡತಿ "ಅಯ್ಯಮ್ಮಾ!" ಎಂದು ಎದ್ದು ನಿಂತಳು. ಟೈಲರ್ ಮಿಷನ್ನು ನಿಲ್ಲಿಸಿ, ಬೈಗುಳಕ್ಕೆ ಸಿದ್ಧನಾಗಿ ತಲೆ ತಗ್ಗಿಸಿದ. ಅವಳು ಬಾಯಿ ತೆರೆದಳು, ಗೋಡೆಯ ಮೇಲಿನ ಪೆಟ್ಟಿಗೆಯತ್ತ ನೋಡಿದಳು, ಬಾಯಿ ಮುಚ್ಚಿದಳು.

"ಮಾನ್ಯರೇ, ಸೂಜಿಯನ್ನು ಅದರ ಸ್ಥಳದಲ್ಲೇ ಇರಿಸಬೇಕಾಗಿ ವಿನಂತಿ," ಎಂದಳು.

ಟೈಲರ್ ತಗ್ಗಿಸಿದ ತಲೆಯನ್ನೆತ್ತಿ ಅವಳನ್ನೇ ನೋಡಿದ. ಇಬ್ಬರೂ ಒಂದೇ ಬೀದಿಯಲ್ಲಿ ಕುಂಟಾಬಿಲ್ಲೆ ಆಡಿ ಬೆಳೆದವರು, ಮೂವತ್ತೆಂಟು ವರ್ಷ ಸಂಸಾರ ಮಾಡಿದವರು. ಇಷ್ಟು ದಿನದಲ್ಲಿ ಅವಳು ಒಮ್ಮೆಯೂ ಅವನಿಗೆ ವಿನಂತಿ ಮಾಡಿದವಳಲ್ಲ. ಬೆಳಗಿನ ಕಾಫಿಯ ಜೊತೆ ಒಂದು 'ಕತ್ತೆ', ರಾತ್ರಿಯ ಊಟದ ಜೊತೆ ಒಂದು 'ಮುದಿಗೂಬೆ' ಬೀಳದಿದ್ದರೆ ಅವನಿಗೆ ತಿಂದದ್ದು ಮೈಗೆ ಹತ್ತುತ್ತಿರಲಿಲ್ಲ.

ಈಗ ಮನೆಮನೆಗೂ ಸವಿನುಡಿ ಇಲಾಖೆಯ ಸ್ನೇಹಪೆಟ್ಟಿಗೆ ಬಂದಿತ್ತು. ಬೆಳಿಗ್ಗೆ ಅದು 'ಸಿಹಿ ಮಾತು, ಸುಖೀ ನಾಡು' ಎಂದು ಹಾಡುತ್ತಿತ್ತು; ಉಳಿದ ಹೊತ್ತೆಲ್ಲ ಕೇಳಿಸಿಕೊಳ್ಳುತ್ತಿತ್ತು. ಪಟ್ಟಿಯಲ್ಲಿರುವ ಕೆಟ್ಟ ಮಾತು ಕಿವಿಗೆ ಬಿದ್ದರೆ ಕೆಂಪು ದೀಪ. ಮೂರು ಸಲ ಕೆಂಪಾದರೆ ಆಡಿದವರಿಗೆ ಆರು ತಿಂಗಳು ಮೃದುವಾಣಿ ಶಿಬಿರ. ಅಲ್ಲಿಗೆ ಹೋಗಿ ಬಂದ ಪಕ್ಕದ ಮನೆಯಾಕೆ ಈಗ ಬೆಕ್ಕನ್ನೂ 'ದಯಮಾಡಿ ಬನ್ನಿ' ಎಂದೇ ಕರೆಯುತ್ತಿದ್ದಳು. ಬೆಕ್ಕು ಬರುವುದನ್ನೇ ಬಿಟ್ಟಿತ್ತು. ಟೈಲರನ ಹೆಂಡತಿಯ ಲೆಕ್ಕದಲ್ಲಿ ಆಗಲೇ ಎರಡು ಕೆಂಪು. ಅವನನ್ನು ಬಿಟ್ಟು ಆರು ತಿಂಗಳು ಇರುವುದಕ್ಕಿಂತ ಬಾಯಿಗೆ ಬೀಗ ಹಾಕಿಕೊಳ್ಳುವುದೇ ವಾಸಿ ಎಂದು ಅವಳು ತೀರ್ಮಾನಿಸಿದ್ದಳು. ಅದು ಅವನಿಗೂ ಗೊತ್ತಿತ್ತು. ಗೊತ್ತಿದ್ದರೂ ತುತ್ತು ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಸೂಜಿ ಚುಚ್ಚಿದ ಮೂರನೆಯ ದಿನ, ಅವಳು ಗುಂಡಿಯ ಕಾಜಾ ಮುಗಿಸಿ ಕೊಟ್ಟ ಕೋಟಿನ ಎದೆಭಾಗವನ್ನು ಮಗುಚಿದರೆ ಒಳಮೈಯಲ್ಲಿ ಚಾಕ್‌ನ ಬರಹವಿತ್ತು: "ಎರಡು ದಿನದಿಂದ ಅರ್ಧ ತಟ್ಟೆ ಬಿಟ್ಟು ಏಳ್ತಿದ್ದೀಯ. ಸಾಯ್ಬೇಕು ಅಂತಿದ್ದೀಯೇನೋ ಮುದಿಗೂಬೆ?"

ಅವನು ಎರಡು ಸಲ ಓದಿದ. ಕಣ್ಣು ಮಂಜಾಯಿತು. ಚಾಕ್ ಗುರುತನ್ನು ಬ್ರಷ್‌ನಿಂದ ಉಜ್ಜಿ ತೆಗೆಯುವುದು ರೂಢಿ, ಕೈ ಬರಲಿಲ್ಲ. ಮೇಲೆ ಲೈನಿಂಗ್ ಇಟ್ಟು ಹಾಗೇ ಹೊಲಿದುಬಿಟ್ಟ. ಆ ದಿನ ಅನ್ನವನ್ನು ಎರಡು ಸಲ ಹಾಕಿಸಿಕೊಂಡ. ಅಲ್ಲಿಂದಾಚೆ ದಿನಕ್ಕೊಂದು ಕೋಟು, ಕೋಟಿಗೊಂದು ಬೈಗುಳ. ಅವನು ಹೊಲಿಯುತ್ತಿದ್ದದ್ದು ಸವಿನುಡಿ ಇಲಾಖೆಯದೇ ಸಮವಸ್ತ್ರ.

ಒಂದು ಮಧ್ಯಾಹ್ನ ಇಲಾಖೆಯ ಇನ್‌ಸ್ಪೆಕ್ಟರ್ ಬಂದ. ಪೆಟ್ಟಿಗೆ ತೆರೆದು ನೋಡಿ, "ನಲವತ್ತು ದಿನದಿಂದ ಒಂದೂ ಕೆಂಪಿಲ್ಲ. ನಿಮ್ಮದು ಶಾಂತ ಮನೆ," ಎಂದು ಪ್ರಮಾಣಪತ್ರ ಕೊಟ್ಟ. ಹೊರಟವನು ಬಾಗಿಲಲ್ಲಿ ನಿಂತ. "ಅಂದ ಹಾಗೆ, ಈ ಕೋಟು ಎದೆ ಹತ್ರ ಬಿಗಿ. ಲೈನಿಂಗ್ ಬಿಚ್ಚಿ ಸ್ವಲ್ಪ ಸಡಿಲ ಮಾಡಿಕೊಡಿ."

"ಬಿಟ್ಟು ಹೋಗಿ ಸಾರ್. ನಾಳೆ ಮಾಡಿಟ್ಟಿರ್ತೀನಿ."

"ಎರಡು ನಿಮಿಷದ ಕೆಲಸ. ನಿಂತಿರ್ತೀನಿ."

ಹೆಂಡತಿಯ ಕೈಯ ಸೂಜಿ ಕಾಜಾದ ಮಧ್ಯದಲ್ಲೇ ನಿಂತಿತು. ಟೈಲರ್ ಎಷ್ಟು ನಿಧಾನವಾಗಿ ಹೊಲಿಗೆ ಬಿಚ್ಚಿದರೂ ಲೈನಿಂಗ್ ಕೊನೆಗೂ ಬಿಚ್ಚಿಕೊಂಡಿತು. ಇನ್‌ಸ್ಪೆಕ್ಟರ್ ಬಗ್ಗಿ ಮನಸ್ಸಿನಲ್ಲೇ ಓದಿದ: "ಅನ್ನ ಆರಿ ಕಲ್ಲಾಗ್ತಿದೆ. ಎದ್ದು ಬಂದು ಉಣ್ಣೋ ಕೋತಿ."

"ಇದನ್ನ ಬರೆದಿದ್ದು ಯಾರು?"

"ನಾನು," ಎಂದರು ಇಬ್ಬರೂ ಒಟ್ಟಿಗೆ.

"ಅವಳಿಗೆ ಬರೆಯೋಕೇ ಬರಲ್ಲ ಸಾರ್," ಎಂದ ಟೈಲರ್.

"ಸುಳ್ಳು ಸಾರ್. ಅವನ ಅಕ್ಷರ ಅವನಿಗೇ ಓದೋಕೆ ಬರಲ್ಲ," ಎಂದಳು ಅವಳು.

ಇನ್‌ಸ್ಪೆಕ್ಟರ್ ಪೆಟ್ಟಿಗೆಯತ್ತ ಒಮ್ಮೆ ನೋಡಿದ. ಅಕ್ಷರ ಅಳಿಸದಂತೆ, ಅದರ ಪಕ್ಕದ ಬಟ್ಟೆಯ ಮೇಲೆ ಬೆರಳಾಡಿಸಿದ.

"ನಮ್ಮಮ್ಮ ಹೋಗಿ ಹನ್ನೊಂದು ವರ್ಷ ಆಯ್ತು," ಎಂದ ಮೆಲ್ಲಗೆ. ಆಮೇಲೆ ಪೆಟ್ಟಿಗೆಗೂ ಕೇಳುವಂತೆ ಗಟ್ಟಿಯಾಗಿ ಹೇಳಿದ: "ಅಳತೆ ಸರಿಯಾಗಿಯೇ ಇದೆ. ಹೀಗೇ ಮುಚ್ಚಿ ಹೊಲಿದುಬಿಡಿ."

ಹೊಲಿದು ಕೊಟ್ಟ ಕೋಟು ತೊಟ್ಟು, ಎದೆಯ ಮೇಲೆ ಒಮ್ಮೆ ಕೈಯಾಡಿಸಿಕೊಂಡು ಹೋದ. ಅಂದು ಗಂಡ ಹೆಂಡತಿ ಇಬ್ಬರೂ ಸಂಜೆಯವರೆಗೆ ಬಾಗಿಲ ಕಡೆಯೇ ನೋಡುತ್ತಾ ಕುಳಿತಿದ್ದರು. ಯಾರೂ ಬರಲಿಲ್ಲ.

ಬಂದದ್ದು ಮುಂದಿನ ಸೋಮವಾರ. ಇಲಾಖೆಯ ನಾಲ್ವರು ತಮ್ಮ ತಮ್ಮ ಕೋಟುಗಳನ್ನು ತೋಳ ಮೇಲೆ ಹಾಕಿಕೊಂಡು ಹೊಸ್ತಿಲಾಚೆ ಸಾಲಾಗಿ ನಿಂತಿದ್ದರು.

"ಅಮ್ಮಾ, ನಮಗೂ ಎದೆ ಹತ್ರ ಸ್ವಲ್ಪ ಬಿಗಿ," ಎಂದ ಮುಂದಿದ್ದವನು, ನೆಲ ನೋಡುತ್ತಾ.

ಅವಳು ನಾಲ್ವರನ್ನೂ ಮೇಲಿನಿಂದ ಕೆಳಗೆ ನೋಡಿದಳು. ಒಬ್ಬ ತಲೆ ಬಾಚಿರಲಿಲ್ಲ. ಒಬ್ಬನ ಶೂ ಲೇಸು ನೆಲದ ಮೇಲೆ ಎಳೆದಾಡುತ್ತಿತ್ತು. ಇನ್ನೊಬ್ಬ ತಿಂಡಿ ತಿಂದು ಬಂದವನಂತೆ ಕಾಣಲಿಲ್ಲ. ಅವಳು ಚಾಕ್ ಕೈಗೆತ್ತಿಕೊಂಡಳು.