ನೆನಪಿನ ಹಿಟ್ಟು

ಮನೆಯೆಲ್ಲ ಮಲಗಿದ ಮೇಲೆ ಅಡುಗೆಮನೆಯಲ್ಲಿ ಡಬ್ಬಿಯ ಮುಚ್ಚಳ ಟಕ್ಕೆಂದಿತು. ಹೋಗಿ ನೋಡಿದರೆ ಮಾವನವರು ನೆನಪಿನ ಹಿಟ್ಟನ್ನು ಬಚ್ಚಲಿಗೆ ಸುರಿದು, ಡಬ್ಬಿಗೆ ಬರೀ ಜೋಳದ ಹಿಟ್ಟು ತುಂಬುತ್ತಿದ್ದರು. ಅವರಿಗೆ ಬೆಳಗಾಗುವಷ್ಟರಲ್ಲಿ ಈಚಿನ ವರ್ಷಗಳದ್ದೆಲ್ಲ ಮರೆತಿರುತ್ತದೆ. ಆ ಹಿಟ್ಟಿನ ಅಂಬಲಿ ಕುಡಿದರೆ ನೆನಪು ಮರಳಿ, ರಾತ್ರಿ ನಿದ್ದೆ ಹೋಗುವವರೆಗೂ ಇರುತ್ತದೆ.

"ಏನಿದು ಮಾವಾರ? ಹಿಟ್ಟು ತಪ್ಪಿಸಿದ್ದು ಗೊತ್ತಾದ್ರ ನಿಮ್ಮನ್ನ ಆರೈಕೆ ಕೇಂದ್ರಕ್ಕ ಒಯ್ತಾರ!"

"ಮೆಲ್ಲಕ ಮಾತಾಡವಾ. ದಿನಾ ಮುಂಜಾನೆ ಅಂಬಲಿ ಕುಡದ ಕೂಡಲೇ ನಿಮ್ಮತ್ತಿ ನೀಲವ್ವ ಸತ್ತದ್ದು ನೆನಪಾಗತೈತಿ. ದಿನಾ ಹೊಸದಾಗಿ ಸಾಯ್ತಾಳ. ನಾಳೆ ಒಂದಿನ ಬ್ಯಾಡ."

"ನನ್ನನ್ನೂ ಮರೀತೀರಿ."

"ಮರೀತೀನಿ. ಯಾರ ಮಗಳು ಅಂತ ಕೇಳಿದ್ರ ಸಿಟ್ಟಾಗಬ್ಯಾಡ."

ಕಪಾಟಿನಲ್ಲಿ ನೆನಪಿನ ಹಿಟ್ಟಿನ ಇನ್ನೊಂದು ಪೊಟ್ಟಣವಿತ್ತು. ಡಬ್ಬಿಯ ಹಿಟ್ಟು ಬದಲಿಸಲು ನನಗೆ ಬೆಳಗಿನವರೆಗೂ ಸಮಯವಿತ್ತು. ಬದಲಿಸಲಿಲ್ಲ. ಬೆಳಿಗ್ಗೆ ಆ ಜೋಳದ ಹಿಟ್ಟಿನಿಂದಲೇ ಅಂಬಲಿ ಕಾಸಿ ಕೊಟ್ಟೆ.

ಮಾವನವರು ಕುಡಿದು, ಬಟ್ಟಲಿಟ್ಟು, ನನ್ನತ್ತ ನೋಡಿದರು. "ಯಾರ ಮಗಳವಾ ನೀನು? ನೀಲವ್ವ ಎಲ್ಲಿ?"

"ಗಿರಣಿಗೆ ಹೋಗ್ಯಾರ್ರಿ."

"ಹಂಗಾದ್ರ ಬಂದ್ಹಂಗ! ಅಲ್ಲಿ ಮಾತಿಗೆ ನಿಂತಿರತಾಳ." ಅವರು ನಕ್ಕರು. ಅತ್ತೆ ಹೋದ ಮೇಲೆ ಆ ನಗೆಯನ್ನು ನಾನು ಕೇಳಿರಲಿಲ್ಲ.

ಹೊರಗೆ ಚಪ್ಪಲಿ ಮೆಟ್ಟುತ್ತ ಇವರು ಕೂಗಿದರು, "ಅಪ್ಪ ಅಂಬಲಿ ಕುಡದ್ನೇನು?"

"ಕುಡದ್ರು" ಎಂದೆ. ಅದಕ್ಕಿಂತ ಹೆಚ್ಚಿಗೆ ಯಾರಿಗೂ, ಎಂದಿಗೂ ಹೇಳಬಾರದೆಂದುಕೊಂಡು ಬಟ್ಟಲು ತೊಳೆದಿಟ್ಟೆ.