ಒಂದು ಗಂಟೆಯ ಓಟ

"ಇದನ್ನ ಒಂದು ಗಂಟೆ ಓಡಿಸಿ ನೋಡ್ಬೇಕು," ಎಂದು ಅಪ್ಪ ಹೇಳಿದ್ದೇ ತಡ, ಅಂಗಡಿಯವನು ನಕ್ಕುಬಿಟ್ಟ. "ಯಜಮಾನ್ರೇ, ಇದು ಲ್ಯಾಪ್‌ಟಾಪು. ಬಸ್ಸಲ್ಲ."

ಮಗಳಿಗೆ ಮುಖ ಎಲ್ಲಿಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಮೂವತ್ತು ವರ್ಷ ಬಸ್ ಡಿಪೋದಲ್ಲಿ ಎಂಜಿನ್ ರಿಪೇರಿ ಮಾಡಿ ನಿವೃತ್ತನಾದ ಈ ಮನುಷ್ಯ, ಬೇಡವೆಂದರೂ ಜೊತೆಗೆ ಹೊರಟುಬಂದಿದ್ದ. ಅವಳ ಜೀವವೆಲ್ಲ ಗಾಜಿನ ಮೇಜಿನ ಮೇಲೆ ಫಳಫಳ ಹೊಳೆಯುತ್ತಿದ್ದ ಆ ಒಂದರ ಮೇಲೇ ಇತ್ತು. ಯಾರೋ ಕೊಂಡು, ಬಾಕ್ಸ್ ಬಿಚ್ಚಿ, ಬಣ್ಣ ಹಿಡಿಸಲಿಲ್ಲವೆಂದು ವಾಪಸು ಕೊಟ್ಟದ್ದಂತೆ. ಹೊಸದರ ಅರ್ಧ ಬೆಲೆ! ಮನೆಯಲ್ಲೇ ಕೂತು ಕಟ್ಟಡಗಳ ನಕ್ಷೆ ಬರೆದುಕೊಡುವುದು ಅವಳ ಕೆಲಸ. ಹಳೆಯ ಕಂಪ್ಯೂಟರು ಎರಡು ಸಲ ನಕ್ಷೆಯ ನಡುವೆಯೇ ಕಣ್ಣು ಮುಚ್ಚಿತ್ತು. ಇನ್ನೊಂದು ಸಲ ಹಾಗಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇನೆಂದು ಅವಳಿಗೆ ಕೆಲಸ ಕೊಡುವ ಎಂಜಿನಿಯರ್ ಖಡಾಖಂಡಿತವಾಗಿ ಹೇಳಿದ್ದರು. ಸೋಮವಾರವೇ ಒಂದು ದೊಡ್ಡ ಆಸ್ಪತ್ರೆಯ ನಕ್ಷೆ ಶುರುವಾಗಬೇಕಿತ್ತು.

ಅಪ್ಪ ಹೊಳೆಯುವುದನ್ನು ಮಗುಚಿ ಹಾಕಿ, ಕನ್ನಡಕ ಹಣೆಗೇರಿಸಿ, ಹತ್ತಿರದಿಂದ ನೋಡಿದ. "ಒಂದೇ ಸಲ ಬಾಕ್ಸ್ ಬಿಚ್ಚಿದ ಮಾಲು ಅಂತೀರಿ. ಸ್ಕ್ರೂ ತಲೆ ಯಾಕೆ ಸವೆದಿದೆ? ಯಾರೋ ಇದರ ಹೊಟ್ಟೆಗೆ ಕೈ ಹಾಕಿದಾರೆ."

"ನನಗೆ ಬಂದಿದ್ದೇ ಹೀಗೆ. ಬಿಲ್ಲಿದೆ, ಬಾಕ್ಸಿದೆ, ಒಂದು ವರ್ಷ ಗ್ಯಾರಂಟಿ ಕೊಡ್ತೀನಿ."

"ಗ್ಯಾರಂಟಿ ಚೀಟಿ ಮೇಲೆ ಇವಳು ನಕ್ಷೆ ಬರೀತಾಳಾ?" ಎನ್ನುತ್ತ ಅಪ್ಪ ಕೆಳಗಿನ ಕಪಾಟಿನಿಂದ ಇನ್ನೊಂದನ್ನು ಎಳೆದ. ಯಾವುದೋ ಆಫೀಸಿನಲ್ಲಿ ದುಡಿದು, ರಿಪೇರಿಯಾಗಿ ಬಂದದ್ದು. ಮುಚ್ಚಳದ ತುಂಬ ಗೀರು. "ಎರಡರಲ್ಲೂ ಹಾಕು ಪುಟ್ಟಿ. ನಿನ್ನ ಹತ್ರ ಇರೋದ್ರಲ್ಲೇ ದೊಡ್ಡ ನಕ್ಷೆ. ಏರುದಾರೀಲೇ ಎಂಜಿನ್ನಿನ ಬಣ್ಣ ಬಯಲಾಗೋದು."

ಬೇಕಾದ ಸಾಫ್ಟ್‌ವೇರನ್ನು ಅಂಗಡಿಯವನೇ ಎರಡಕ್ಕೂ ಹಾಕಿಕೊಟ್ಟ. ಅವನಿಗೂ ಈಗ ಪಂದ್ಯ ನೋಡುವ ಹುರುಪು. ಏಳು ಮಹಡಿಯ ಕಟ್ಟಡ ಎರಡೂ ಪರದೆಗಳಲ್ಲಿ ಗಿರಗಿರನೆ ತಿರುಗತೊಡಗಿತು. ಅಪ್ಪ ಒಮ್ಮೆ ಇದರ ಅಡಿಗೆ ಅಂಗೈ ಇಟ್ಟು ಬಿಸಿ ನೋಡುವನು, ಒಮ್ಮೆ ಅದರ ಫ್ಯಾನಿಗೆ ಕಿವಿ ಕೊಡುವನು. ಹತ್ತು ನಿಮಿಷ. ಇಪ್ಪತ್ತು. ಮಗಳ ನಾಚಿಕೆ ಯಾವಾಗ ಎಲ್ಲಿ ಹೋಯಿತೋ, ಅವಳೂ ಮೇಜಿಗೆ ಗಲ್ಲ ತಾಗುವಷ್ಟು ಬಗ್ಗಿ ನಿಂತಿದ್ದಳು.

ಮೂವತ್ತನೆಯ ನಿಮಿಷಕ್ಕೆ ಹೊಳೆಯುವುದರ ಫ್ಯಾನು ಕೀರಲು ದನಿ ತೆಗೆಯಿತು. ನಲವತ್ತಕ್ಕೆ ಪರದೆ ಒಮ್ಮೆ ನಡುಗಿ ಕಪ್ಪಾಯಿತು. ಅವಳು ಅಪ್ಪನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಸೋಮವಾರ ಇದೇ ಆಗಿದ್ದರೆ? ಗೀರಿನದು ಮಾತ್ರ ತನ್ನ ಪಾಡಿಗೆ ಕಟ್ಟಡ ತಿರುಗಿಸುತ್ತಲೇ ಇತ್ತು. ಐವತ್ತೆಂಟು, ಐವತ್ತೊಂಬತ್ತು, ಅರವತ್ತು! ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. "ಇದೇ ಅಪ್ಪಾ, ಇದೇ ಬೇಕು," ಎಂದು ಆ ಗೀರುಗಳನ್ನೇ ಸವರಿದಳು. ಅಪ್ಪ ಏನೂ ಆಗದವನಂತೆ ಕನ್ನಡಕ ಒರೆಸುತ್ತಿದ್ದ, ಆದರೆ ಮೀಸೆಯಡಿಯ ನಗು ಅಡಗಲಿಲ್ಲ.

ಅಂಗಡಿಯವನು ಮಾತ್ರ ನಗಲಿಲ್ಲ. ಚೌಕಾಸಿ ಮಾಡದೆಯೇ ಬೆಲೆ ಇನ್ನಷ್ಟು ಇಳಿಸಿ ಬಿಲ್ ಬರೆದ. ಚೀಲ ಅವಳ ಕೈಗಿತ್ತು, ಅಂಗಡಿಯ ಬಾಗಿಲನ್ನು ಅರ್ಧ ಎಳೆದ.

"ಇಷ್ಟು ಬೇಗ ಯಾಕೆ ಸ್ವಾಮಿ?" ಎಂದ ಅಪ್ಪ.

"ಯಜಮಾನ್ರೇ, ಒಂದು ಗಂಟೆ ನಮ್ಮನೆಗೆ ಬರ್ತೀರಾ?" ಅವನ ದನಿ ಇಳಿದಿತ್ತು. "ಆ ಹೊಳೆಯೋದರ ಜೊತೆಗೇ ಬಂದಿದ್ದ ಅಂಥದೇ ಇನ್ನೊಂದನ್ನ ಮೊನ್ನೆ ನನ್ನ ಮಗಳಿಗೆ ಕೊಟ್ಟಿದೀನಿ."